ನಮ್ಮ ಘೋಷಣೆಯೊಳಗಿನ ಬೈಗುಳ

‘ಷಂಡ ಸರ್ಕಾರಕ್ಕೆ ಧಿಕ್ಕಾರ!’ ಡಿ.ಸಿ. ಆಫೀಸಿನ ಮುಂದೆ ಗಂಟಲು ಹರಿಯೋ ಹಾಗೆ ನಾವೂ ಇದನ್ನು ಕೂಗಿದ್ದೇವೆ. ಕೆಲಸ ಮಾಡದ ಮಂತ್ರಿಗೆ ಬಳೆ, ಸೀರೆ ತಟ್ಟೇಲಿಟ್ಟು ಕಳಿಸಿದ್ದೇವೆ. ಅದೇ ಮಾತನ್ನು ಪದ್ಯಕ್ಕೆ ತಂದು ಕವಿಗೋಷ್ಠಿಗಳಲ್ಲಿ ಚಪ್ಪಾಳೆ ಗಿಟ್ಟಿಸಿದವರೂ ನಮ್ಮಲ್ಲಿದ್ದಾರೆ. ಎ. ರೇವತಿಯವರ ಆತ್ಮಕಥೆ ‘ಬದುಕು ಬಯಲು’ ಓದಿದ ಮೇಲೆ ಈ ಕೂಗು ನಮ್ಮ ಗಂಟಲಲ್ಲೇ ಸಿಕ್ಕಿಕೊಂಡಿದೆ.

ದು. ಸರಸ್ವತಿಯವರು ಕನ್ನಡಕ್ಕೆ ತಂದಿರುವ ಈ ಕತೆ ತಮಿಳುನಾಡಿನ ನಾಮಕ್ಕಲ್ ಕಡೆಯ ಒಂದು ಹಳ್ಳಿಯದು. ಗಂಡೆಂದು ಹುಟ್ಟಿದ ಕೂಸು ತಾನು ಹೆಣ್ಣೆಂದು ಅರಿತು, ಮನೆ ಬಿಟ್ಟು, ದೆಹಲಿ ಮುಂಬಯಿ ಅಲೆದು ಬೆಂಗಳೂರಿಗೆ ಬರುತ್ತದೆ. ಇಂಥ ಪುಸ್ತಕ ಬಂದರೆ ನಮ್ಮ ವಿಮರ್ಶಕರ ಹತ್ತಿರ ರಬ್ಬರ್ ಸ್ಟಾಂಪು ರೆಡಿ ಇರುತ್ತೆ: ‘ಮನಕಲಕುವ ಕೃತಿ’. ಕಲಕಿದ ಮನಸ್ಸು ಸಂಜೆಯೊಳಗೆ ತಿಳಿಯಾಗುತ್ತೆ, ಬಿಡಿ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಕೂಲಿಯವರು ದಿನದ ಲೆಕ್ಕ ಒಪ್ಪಿಸುವ ಹಾಗೆ ರೇವತಿ ತಮ್ಮ ಭಯಗಳನ್ನು ಒಪ್ಪಿಸುತ್ತಾರೆ. ಅಣ್ಣಂದಿರ ಏಟಿನ ಭಯ, ಆಸೆಯಿಂದ ಬೆಳೆಸಿದ ಕೂದಲು ಬೋಳಿಸಿಬಿಟ್ಟಾರೆಂಬ ಭಯ, ರೌಡಿಯ ಭಯ, ರೌಡಿಯಿಂದ ಕಾಪಾಡಬೇಕಾದ ಪೊಲೀಸಿನವನ ಭಯ.

ದಲಿತನ ಮಗ ಊರಲ್ಲಿ ಒದೆ ತಿಂದರೆ ಅಳುತ್ತಾ ಓಡಿ ಬರಲು ಕೇರಿ ಇದೆ, ಅವ್ವನ ಸೆರಗು ಇದೆ. ಈ ಮಕ್ಕಳಿಗೆ ಮೊದಲ ಏಟು ಬೀಳುವುದೇ ಆ ಸೆರಗಿನ ಹತ್ತಿರ. ಆದ್ದರಿಂದ ಇವರು ತಮ್ಮ ಕೇರಿಯನ್ನು ತಾವೇ ಕಟ್ಟಿಕೊಳ್ಳಬೇಕು. ಬೆಂಗಳೂರಿನ ಹಮಾಮುಗಳಲ್ಲಿ, ಗುರು-ಚೇಲಾ ಸಂಬಂಧದಲ್ಲಿ ಅವರು ಹುಡುಕಿದ್ದು ಅದನ್ನೇ. ಅಲ್ಲೂ ದರ್ಪ ಉಂಟು, ದಂಡ ಉಂಟು, ರೇವತಿ ಮುಚ್ಚಿಟ್ಟಿಲ್ಲ. ನಮ್ಮ ಆತ್ಮಕಥೆಗಳು ಕೇರಿಯೊಳಗಿನ ಜಗಳವನ್ನು ಇಷ್ಟು ಧೈರ್ಯದಿಂದ ಬರೆದದ್ದು ಕಡಿಮೆ.

ಸರ್ಕಾರದ ಭಾಷೆಯನ್ನೂ ನೋಡಿ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಬ್ರಿಟಿಷರು ಹಿಜಡಾಗಳ ಹೆಸರು, ವಿಳಾಸಗಳನ್ನು ರಿಜಿಸ್ಟರಿಗೆ ಏರಿಸಿದರು. ನಮ್ಮೋರೇ ಆಳುತ್ತಿದ್ದ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮು ಸೇರಿ ಅದೇ ರಿಜಿಸ್ಟರು ವಾಪಸ್ ಬಂತು. ಹೋರಾಟಗಾರರು ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಆ ಕಲಮಿನಲ್ಲಿದ್ದ ‘ನಪುಂಸಕ’ ಎಂಬರ್ಥದ ಪದ ತೆಗೆದು ‘ವ್ಯಕ್ತಿ’ ಎಂದು ಹಾಕಿದರು. 2019ರಲ್ಲಿ ಪಾರ್ಲಿಮೆಂಟು ಪಾಸು ಮಾಡಿದ ಕಾಯ್ದೆಯಲ್ಲಿ ಇವರ ಮೇಲಿನ ಲೈಂಗಿಕ ಹಿಂಸೆಗೆ ಬರೆದ ಗರಿಷ್ಠ ಶಿಕ್ಷೆ 2 ವರ್ಷ. ಹೆಂಗಸಿನ ಮೇಲಿನ ಅತ್ಯಾಚಾರಕ್ಕೆ ಆಗ ಕನಿಷ್ಠವೇ 10 ವರ್ಷ ಇತ್ತು. ರಕ್ಷಣೆಯ ಹೆಸರಲ್ಲಿ ಒಂದು ದೇಹಕ್ಕೆ ಕಟ್ಟಿದ ರೇಟು ಇದು.

ಸರ್ಕಾರ ಕೋರ್ಟಿನ ಭಯಕ್ಕಾದರೂ ಒಂದು ಪದ ಬದಲಿಸಿತು. ನಾವು? 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗಿನಿಂದ ಭಾಷೆಯೊಳಗೆ ಅಡಗಿ ಕೂತ ಜಾತಿಯನ್ನು ಹೆಕ್ಕಿ ತೋರಿಸುತ್ತಾ ಬಂದವರು ನಾವು. ಗೆಳೆಯರೊಬ್ಬರ ಮುಂದೆ ಈ ಮಾತು ತೆಗೆದರೆ, ‘ಅಯ್ಯೋ, ಅದು ರೂಪಕ ಕಣ್ರೀ, ಯಾರನ್ನೂ ಉದ್ದೇಶಿಸಿ ಅಂದದ್ದಲ್ಲ’ ಅಂದರು. ‘ಹೊಲೆಯ’ ಅನ್ನೋದನ್ನು ಕೊಳಕಿಗೆ ರೂಪಕ ಮಾಡಿದವರೂ ಇದನ್ನೇ ಹೇಳ್ತಿದ್ದರು. ಆಗ ನಾವು ಒಪ್ಪಿದ್ವಾ? ಬಸ್‌ಸ್ಟ್ಯಾಂಡಿನ ಪಡ್ಡೆ ಹುಡುಗ ಕಲ್ಲೆತ್ತುವ ಮುಂಚೆ ಅನ್ನುವ ಪದ, ಮನೆ ಮಾಲೀಕ ಅಡ್ವಾನ್ಸು ವಾಪಸ್ ಎಸೆಯುವಾಗ ಅನ್ನುವ ಪದ, ನಮ್ಮ ಕ್ರಾಂತಿಗೀತೆಯ ಪದ, ಮೂರೂ ಒಂದೇ ಆಗಿದ್ದರೆ ಕೇಳಿಸಿಕೊಳ್ಳುವವರು ಗೆಳೆಯರನ್ನು ಹೇಗೆ ಗುರುತಿಸಬೇಕು ಸ್ವಾಮಿ? ಇನ್ನು ಆ ಬಳೆ. ರೇವತಿಯಂಥವರು ಏಟು ತಿಂದೂ ತಿಂದೂ ಬಿಡದೆ ತೊಟ್ಟ ಬಳೆಯನ್ನು ನಾವು ಮಂತ್ರಿಗೆ ಅವಮಾನವೆಂದು ಕಳಿಸಿದೆವು.

ಇದನ್ನು ಬರೆಯುವ ಮುಂಚೆ ಪತ್ರಿಕೆಯ ಹಳೇ ಸಂಚಿಕೆಗಳನ್ನು ತಿರುವಿ ಹಾಕಿದೆವು. ಮೂರು ಪದ್ಯಗಳಲ್ಲಿ ಆ ಪದ ಸಿಕ್ಕಿತು. ಒಂದು ನಾವು ಬರೆದದ್ದೇ.