ಊರಿದ್ದ ಆಟ, ಊರಿಲ್ಲದ ತಂಡ

2023ರ ಯುಗಾದಿ ಮಾರ್ಚ್ 22ಕ್ಕೆ ಬಂದಿತ್ತು. ನಮ್ಮ ಕಡೆಯ ನಾರಾಯಣಪುರದ ಮನೆಗಳಲ್ಲಿ ಎಣ್ಣೆಸ್ನಾನಕ್ಕೆ ನೀರು ಕಾಯಲು ಇಡುವ ಹೊತ್ತು, ಬೆಳಗಿನ ನಾಲ್ಕೂವರೆ. ಅಮೆರಿಕದ ಮಿಯಾಮಿಯಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ. ಅಲ್ಲಿ ವಿಶ್ವ ಬೇಸ್‌ಬಾಲ್ ಕ್ಲಾಸಿಕ್‌ನ ಫೈನಲ್ ಶುರುವಾಯಿತು. ಇಲ್ಲಿ ಬೇವುಬೆಲ್ಲ ಹಂಚುವಷ್ಟರಲ್ಲಿ ಜಪಾನ್ 3-2ರಿಂದ ಅಮೆರಿಕವನ್ನು ಸೋಲಿಸಿ ಕಪ್ ಎತ್ತಿಕೊಂಡಿತ್ತು. ಬೇಸ್‌ಬಾಲಿನ ಒಂದು ವರ್ಷವನ್ನು ಜನವರಿಯಿಂದ ಅಳೆಯುವುದು ಪತ್ರಿಕೆಗಳ ರೂಢಿ. ನಾನು ಶೋಭಕೃತ್ ಸಂವತ್ಸರವನ್ನೇ ಹಿಡಿಯುತ್ತೇನೆ: ಆ ಯುಗಾದಿಯಿಂದ 2024ರ ಏಪ್ರಿಲ್ 9ರ ಯುಗಾದಿಯವರೆಗೆ. ಮಿಯಾಮಿಯ ಆ ರಾತ್ರಿಯಿಂದ ಲೆಕ್ಕ ಶುರುವಾದರೆ ಮಾತ್ರ ಈ ವರ್ಷದ ಗುಣದೋಷ ಎರಡೂ ಸರಿಯಾಗಿ ಕಾಣುತ್ತವೆ.

ನಮ್ಮ ಕಡೆ ಮೈದಾನದಲ್ಲಿ ಕಾಣುವುದು ಟೆನಿಸ್ ಚೆಂಡಿನ ಕ್ರಿಕೆಟ್, ಕಬಡ್ಡಿ, ವಾಲಿಬಾಲ್. ಬೇಸ್‌ಬಾಲ್ ಅಂದರೆ ಪೋರರು ಕೇಳುವುದು, 'ಫುಲ್‌ಟಾಸ್ ಅಷ್ಟೇ ಹಾಕ್ತಾರಲ್ರಿ, ಅದಾ?' ಹೌದು, ಅದೇ. ಆದರೆ ಕ್ರಿಕೆಟ್ಟಿಗಿಂತ ಲಗೋರಿ ಆಡಿದವರಿಗೆ ಈ ಆಟ ಬೇಗ ತಿಳಿಯುತ್ತದೆ. ಬೇಸ್‌ಬಾಲಿನ ಪೂರ್ವಜ ಆಟಗಳಲ್ಲಿ ಓಡುವವನ ಮೈಗೆ ಚೆಂಡು ಬೀಸಿ ಹೊಡೆದರೆ ಅವನು ಔಟ್, ಲಗೋರಿಯಲ್ಲಿ ಆಗುವ ಹಾಗೆಯೇ. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನವರು ಬರೆದ ನಿಯಮಗಳು ಹಾಗೆ ಹೊಡೆಯುವುದನ್ನು ನಿಲ್ಲಿಸಿದವು. ಬೆನ್ನಿನ ಮೇಲೆ ಬಾಸುಂಡೆ ಏಳುವ ಭಯ ಹೋದ ಮೇಲೆ ಚೆಂಡು ಗಟ್ಟಿಯಾಗಲು, ದೂರ ಹೋಗಲು ಅವಕಾಶವಾಯಿತು.

ಈಗ ಆ ಫೈನಲ್. ಒಂಬತ್ತನೆಯ ಇನಿಂಗ್ಸ್, ಎರಡು ಔಟ್, ಒಂದೇ ರನ್ನಿನ ಅಂತರ. ಜಪಾನಿನ ಪರ ಚೆಂಡು ಎಸೆಯಲು ನಿಂತವನು ಶೋಹೇ ಒಹ್ತಾನಿ, ದಾಂಡು ಹಿಡಿದು ಎದುರಿಗೆ ನಿಂತವನು ಅಮೆರಿಕದ ನಾಯಕ ಮೈಕ್ ಟ್ರೌಟ್. ಆಗ ಉಳಿದ ದಿನಗಳಲ್ಲಿ ಇಬ್ಬರೂ ಲಾಸ್ ಏಂಜಲೀಸ್ ಏಂಜಲ್ಸ್ ತಂಡದ ಸಂಗಾತಿಗಳಾಗಿದ್ದರು. ಗಂಟೆಗೆ 160 ಕಿ.ಮೀ. ದಾಟಿದ ಚೆಂಡುಗಳಿಗೆ ಟ್ರೌಟ್ ಬೀಸಿ ತಪ್ಪಿದ. ಮೂರು ಬಾಲ್, ಎರಡು ಸ್ಟ್ರೈಕ್; ಇನ್ನೊಂದು ಸ್ಟ್ರೈಕ್ ಬಿದ್ದರೆ ದಾಂಡಿಗ ಔಟ್. ಮುಂದಿನದಕ್ಕೂ ಅದೇ ವೇಗ ಬರುತ್ತದೆಂದು ಇಡೀ ಕ್ರೀಡಾಂಗಣ ಕಾಯುತ್ತಿರುವಾಗ ಒಹ್ತಾನಿ ವೇಗವನ್ನು ಸುಮಾರು 140ಕ್ಕೆ ಇಳಿಸಿ, ಬಲಗೈ ಆಟಗಾರನಿಂದ ಆಚೆ ಆಚೆಗೆ ಸರಿದು ಹೋಗುವ ಚೆಂಡನ್ನು ಎಸೆದ. ಟ್ರೌಟ್‌ನ ದಾಂಡು ಗಾಳಿಯನ್ನಷ್ಟೇ ಸೀಳಿತು. ಆಟದ ಕಸುಬು ಗೊತ್ತಿಲ್ಲದವನಿಗೂ ಇಷ್ಟು ಅರ್ಥವಾಗುತ್ತದೆ: ಅತಿ ವೇಗದ ಎಸೆತಗಾರ ನಿರ್ಣಾಯಕ ಘಳಿಗೆಯಲ್ಲಿ ವೇಗವನ್ನೇ ಬಿಟ್ಟುಕೊಟ್ಟ. ಇದಕ್ಕಿಂತ ಒಳ್ಳೆಯ ಆಟ ಆ ಸಂವತ್ಸರದಲ್ಲಿ ಮತ್ತೆ ಕಾಣಲಿಲ್ಲ.

ಆದರೂ ನನ್ನ ಲೆಕ್ಕದಲ್ಲಿ ಆ ಪಂದ್ಯಾವಳಿಯ ದೊಡ್ಡ ಎಸೆತ ಒಹ್ತಾನಿಯದಲ್ಲ, ಅವನ ವಿರುದ್ಧ ಬಂದದ್ದು. ಯುಗಾದಿಗೆ ಹನ್ನೊಂದು ದಿನ ಮೊದಲು, ಟೋಕಿಯೊ ಡೋಮ್‌ನಲ್ಲಿ ಜಪಾನಿನ ಎದುರು ಝೆಕ್ ಗಣರಾಜ್ಯ ಆಡಿತು. ಝೆಕ್ ತಂಡದ ಒಂಡ್ರೆ ಸಾಟೋರಿಯಾ ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್. ತರಬೇತುದಾರ ಪಾವೆಲ್ ಖಾದಿಮ್ ನರರೋಗ ವೈದ್ಯ. ತಂಡದಲ್ಲಿ ಅಗ್ನಿಶಾಮಕ ದಳದವನೂ ಇದ್ದ. ಕೆಲಸಕ್ಕೆ ರಜೆ ಹಾಕಿ ಬಂದವರು ಇವರು. ಸಾಟೋರಿಯಾ ಗಂಟೆಗೆ 115 ಕಿ.ಮೀ. ಆಸುಪಾಸಿನ ಮಂದಗತಿಯ ಚೆಂಡಿನಿಂದ ಒಹ್ತಾನಿಯನ್ನು ಸ್ಟ್ರೈಕ್‌ಔಟ್ ಮಾಡಿದ. ಅದು ನಮ್ಮ ತಾಲ್ಲೂಕು ಮಟ್ಟದ ಮಧ್ಯಮ ವೇಗಿಗಳೂ ನಾಚುವ ವೇಗವೇನಲ್ಲ. ಪಂದ್ಯ ಜಪಾನಿನದಾಯಿತು, 10-2. ಆದರೆ ಆ ಸಂಜೆ ಟೋಕಿಯೊ ಜನ ಚಪ್ಪಾಳೆ ತಟ್ಟಿದ್ದು ಎರಡೂ ತಂಡಗಳಿಗೆ. ಜಪಾನಿನ ಎಳೆಯ ವೇಗಿ ರೋಕಿ ಸಾಸಾಕಿ 2011ರ ಮಾರ್ಚ್ 11ರ ಸುನಾಮಿಯಲ್ಲಿ ತಂದೆಯನ್ನೂ ಅಜ್ಜ ಅಜ್ಜಿಯನ್ನೂ ಕಳೆದುಕೊಂಡವನು. ಅದೇ ತಾರೀಖಿಗೆ ಈ ಪಂದ್ಯ ಆಡುತ್ತಿದ್ದ. ಅವನ ಚೆಂಡು ಝೆಕ್ ಆಟಗಾರನೊಬ್ಬನ ಕಾಲಿಗೆ ಬಡಿದಿತ್ತು. ಆಮೇಲೆ ಸಾಸಾಕಿ ಚೀಲದ ತುಂಬ ಮಿಠಾಯಿ ಹಿಡಿದು ಆ ಆಟಗಾರ ಇಳಿದುಕೊಂಡಿದ್ದ ಹೋಟೆಲಿಗೆ ಹೋದ. ಒಹ್ತಾನಿ ಮಿಯಾಮಿಯಲ್ಲಿ ವಿಮಾನ ಇಳಿದದ್ದು ಝೆಕ್ ತಂಡದ ಟೋಪಿ ಹಾಕಿಕೊಂಡು.

ಝೆಕ್ ದೇಶದಲ್ಲಿ ಬೇಸ್‌ಬಾಲಿಗೆ ಹಣವಿಲ್ಲ, ಊರಿದೆ. ಕ್ಲಬ್ಬುಗಳಿವೆ, ಅಪ್ಪ ಆಡಿದ ಮೈದಾನದಲ್ಲಿ ಮಗ ಆಡುತ್ತಾನೆ. ಈ ವರ್ಷದ ಬೇಸ್‌ಬಾಲನ್ನು ತೂಗಲು ನಾನು ಹಿಡಿದ ತಕ್ಕಡಿ ಇದೇ. ಯಾವ ಆಟಕ್ಕೆ ಊರಿತ್ತು, ಯಾವ ತಂಡಕ್ಕೆ ಇರಲಿಲ್ಲ?

ಅಮೆರಿಕದ ಮೇಜರ್ ಲೀಗ್ ಈ ಹಂಗಾಮಿನಲ್ಲಿ ಮಾಡಿದ ದೊಡ್ಡ ಕೆಲಸ ಗಡಿಯಾರ ತಂದದ್ದು. 2023ರಲ್ಲಿ ಬೇಸುಗಳಲ್ಲಿ ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ, ಇದ್ದರೆ 20 ಸೆಕೆಂಡಿನೊಳಗೆ ಚೆಂಡು ಎಸೆಯಬೇಕಿತ್ತು. ತಪ್ಪಿದರೆ ದಾಂಡಿಗನಿಗೆ ಒಂದು ಬಾಲ್ ಬಿಟ್ಟಿ. ಗಡಿಯಾರದಲ್ಲಿ ಎಂಟು ಸೆಕೆಂಡ್ ಉಳಿದಿರುವಾಗ ದಾಂಡಿಗ ಸಜ್ಜಾಗಿರಬೇಕು, ಇಲ್ಲವಾದರೆ ಅವನ ಲೆಕ್ಕಕ್ಕೆ ಒಂದು ಸ್ಟ್ರೈಕ್. ಜೊತೆಗೆ ಬೇಸಿನ ಅಗಲವನ್ನು 15 ಇಂಚಿನಿಂದ 18 ಇಂಚಿಗೆ ಹಿಗ್ಗಿಸಿದರು, ಕ್ಷೇತ್ರರಕ್ಷಕರು ಒಂದೇ ಬದಿಗೆ ಗುಂಪುಗೂಡುವುದನ್ನು ನಿಷೇಧಿಸಿದರು. ಫಲ ಕಣ್ಣಿಗೆ ಕಾಣುವಂತಿತ್ತು. ಒಂಬತ್ತು ಇನಿಂಗ್ಸಿನ ಪಂದ್ಯ ಹಿಂದಿನ ವರ್ಷ ಮೂರು ಗಂಟೆ ಮೀರುತ್ತಿತ್ತು, ಈಗ ಸರಾಸರಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಮೈದಾನಕ್ಕೆ ಬಂದವರ ಸಂಖ್ಯೆ 2017ರ ನಂತರ ಮೊದಲ ಸಲ ಏಳು ಕೋಟಿ ದಾಟಿತು. ಎಸೆತದ ಹೊತ್ತಿನಲ್ಲೇ ಮುಂದಿನ ಬೇಸಿಗೆ ಓಡಿ ಅದನ್ನು 'ಕದಿಯುವ' ಓಟಗಾರರು 3,500ಕ್ಕೂ ಹೆಚ್ಚು ಸಲ ಗೆದ್ದರು. 1987ರಿಂದೀಚೆಗೆ ಅಷ್ಟು ಆಗಿರಲಿಲ್ಲ. ಅಟ್ಲಾಂಟಾದ ರೊನಾಲ್ಡ್ ಅಕುನ್ಯಾ ಒಬ್ಬನೇ 41 ಹೋಮ್‌ರನ್ ಹೊಡೆದು 73 ಬೇಸ್ ಕದ್ದ.

ನಾರಾಯಣಪುರ ಎಡದಂಡೆ ಕಾಲುವೆಯ ರೈತರಿಗೆ ಈ ಗಡಿಯಾರ ಹೊಸದಲ್ಲ. ಬಸವಸಾಗರ ಜಲಾಶಯದ ನೀರಿಗೆ 'ಚಾಲು-ಬಂದ್' ಪದ್ಧತಿ ಇದೆ. ಇಷ್ಟು ದಿನ ಬಿಡುವುದು, ಇಷ್ಟು ದಿನ ಕಟ್ಟುವುದು. ಹೊತ್ತು ಗೊತ್ತು ಮಾಡದಿದ್ದರೆ ಮೇಲಿನ ಹೊಲದವನು ಹರಿಸುತ್ತಲೇ ಇರುತ್ತಾನೆ, ಕೊನೆಯ ಹೊಲಕ್ಕೆ ಹನಿ ತಲುಪುವುದಿಲ್ಲ. ಬೇಸ್‌ಬಾಲಿನಲ್ಲಿ ಆ ಕೊನೆಯ ಹೊಲದವನು ಪ್ರೇಕ್ಷಕ. ಎಸೆತಗಾರ ಟೋಪಿ ಸರಿಮಾಡಿಕೊಂಡು, ದಾಂಡಿಗ ಕೈಗವಸು ಬಿಚ್ಚಿ ಕಟ್ಟಿಕೊಂಡು ಉಡಾಯಿಸಿದ್ದು ಅವನ ಹೊತ್ತನ್ನೇ. ಹಾಗಾಗಿ ಆಟಕ್ಕೆ ಗಡಿಯಾರ ತಂದದ್ದು ಅಪಚಾರ ಎಂದು ಕೊರಗಿದ ಹಳಬರ ಜೊತೆ ನಾನು ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುವವನು ಪಂದ್ಯ ಮುಗಿಯುವವರೆಗೂ ಕೂತಿರಲು ಈಗ ಸಾಧ್ಯ.

ಹಾಗೆಂದು ಪೂರಾ ಒಪ್ಪುವುದೂ ಕಷ್ಟ. ಫೆಬ್ರವರಿಯ ಅಭ್ಯಾಸ ಪಂದ್ಯವೊಂದರಲ್ಲಿ, 6-6ರ ಸಮಬಲದಲ್ಲಿ, ಬೇಸುಗಳು ತುಂಬಿ, ಮೂರು ಬಾಲ್ ಎರಡು ಸ್ಟ್ರೈಕ್ ಆಗಿದ್ದಾಗ ದಾಂಡಿಗ ಸಜ್ಜಾಗಲು ಒಂದೆರಡು ಕ್ಷಣ ತಡಮಾಡಿದ. ಚೆಂಡೇ ಎಸೆಯದೆ ಅಂಪೈರ್ ಮೂರನೆಯ ಸ್ಟ್ರೈಕ್ ಕೊಟ್ಟ. ಪಂದ್ಯ ಅಲ್ಲಿಗೇ ಮುಗಿಯಿತು. ಇನ್ನೊಂದು ಮಾತು. ವಿಶ್ವ ಕ್ಲಾಸಿಕ್‌ನಲ್ಲಿ ಗಡಿಯಾರ ಇರಲಿಲ್ಲ. ಒಹ್ತಾನಿ ಮತ್ತು ಟ್ರೌಟ್ ಪರಸ್ಪರ ನೋಡುತ್ತ ಉಸಿರು ಬಿಗಿಹಿಡಿದು ನಿಂತ ಆ ಹೊತ್ತಿಗೆ ಯಾರೂ ಎಣಿಕೆ ಹಾಕುತ್ತಿರಲಿಲ್ಲ. ದಿನನಿತ್ಯದ ಪಂದ್ಯಕ್ಕೆ ಗಡಿಯಾರ ಬೇಕು. ಒಂಬತ್ತನೆಯ ಇನಿಂಗ್ಸಿನ ಕೊನೆಯ ಔಟಿಗೆ ಅದನ್ನು ನಿಲ್ಲಿಸುವಷ್ಟು ರಸಿಕತೆಯನ್ನು ನಿಯಮ ಬರೆದವರು ತೋರಿಸಬಹುದಿತ್ತು.

ಚಾಂಪಿಯನ್ನರ ಕಥೆ ಬೇಗ ಮುಗಿಸುತ್ತೇನೆ. ಅಮೆರಿಕದ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಟೆಕ್ಸಾಸ್ ರೇಂಜರ್ಸ್ ಅರಿಜೋನಾವನ್ನು 4-1ರಿಂದ ಸೋಲಿಸಿತು. ಕೊನೆಯ ಪಂದ್ಯ ನಡೆದ ರಾತ್ರಿ ನಮಗೆ ರಾಜ್ಯೋತ್ಸವದ ಮರುದಿನದ ಬೆಳಗು. 1961ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿ 1972ರಲ್ಲಿ ಟೆಕ್ಸಾಸಿಗೆ ವಲಸೆ ಬಂದ ತಂಡಕ್ಕೆ ಇದೇ ಮೊದಲ ಕಪ್. 2011ರಲ್ಲಿ ಎರಡು ಸಲ ಒಂದೇ ಒಂದು ಸ್ಟ್ರೈಕ್ ದೂರದಲ್ಲಿ ಅದು ಕೈತಪ್ಪಿತ್ತು. ತಮಾಷೆಯೆಂದರೆ ಈ ಸಲದ ಪ್ಲೇಆಫ್‌ನಲ್ಲಿ ಎದುರಾಳಿಯ ಊರಲ್ಲಿ ಆಡಿದ ಹನ್ನೊಂದಕ್ಕೆ ಹನ್ನೊಂದನ್ನೂ ಅವರು ಗೆದ್ದರು. ಆದರೂ ಟಿವಿಯಲ್ಲಿ ಇದನ್ನು ನೋಡಿದವರು ಹಿಂದಿನ ಎಲ್ಲ ವರ್ಲ್ಡ್ ಸೀರೀಸ್‌ಗಳಿಗಿಂತ ಕಡಿಮೆ.

ಏಷ್ಯಾದಲ್ಲಿ ಹಾಗಿರಲಿಲ್ಲ. ಜಪಾನಿನ ಹಾನ್‌ಶಿನ್ ಟೈಗರ್ಸ್ 38 ವರ್ಷದ ಮೇಲೆ ಗೆದ್ದಿತು. 1985ರಲ್ಲಿ ಗೆದ್ದಾಗ ಒಸಾಕಾದ ಅಭಿಮಾನಿಗಳು ಕೆಎಫ್‌ಸಿ ಅಂಗಡಿಯ ಮುಂದಿನ ಕರ್ನಲ್ ಸ್ಯಾಂಡರ್ಸ್ ಪ್ರತಿಮೆಯನ್ನು ದೊತೊನ್‌ಬೊರಿ ಕಾಲುವೆಗೆ ಎಸೆದಿದ್ದರು. ಆಮೇಲಿನ ಸೋಲುಗಳಿಗೆಲ್ಲ ಆ ಮುದುಕನ ಶಾಪವೇ ಕಾರಣ ಎಂದು ನಂಬಿಕೊಂಡರು. 2009ರಲ್ಲಿ ಪ್ರತಿಮೆ ಕೆಸರಿನಿಂದ ಮೇಲೆದ್ದರೂ ಕಪ್ ಬರಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. 1985ರ ತಂಡದಲ್ಲಿ ಆಡಿದ್ದ ಅಕಿನೊಬು ಒಕಾದಾ 2023ರಲ್ಲಿ ಮ್ಯಾನೇಜರ್ ಆಗಿದ್ದ. ಪೊಲೀಸರ ದಂಡೇ ನಿಂತಿದ್ದರೂ ಜನ ಮತ್ತೆ ಆ ಕಾಲುವೆಗೇ ಹಾರಿದರು.

ದಕ್ಷಿಣ ಕೊರಿಯಾದಲ್ಲಿ ಎಲ್‌ಜಿ ಟ್ವಿನ್ಸ್ 29 ವರ್ಷ ಕಾದು ಗೆದ್ದಿತು. ತಂಡದ ಒಡೆಯ ಕೂ ಬೊನ್-ಮೂ ಮುಂದಿನ ಗೆಲುವಿಗೆಂದು ಓಕಿನಾವಾದಿಂದ ಅವಾಮೊರಿ ಮದ್ಯದ ಜಾಡಿಗಳನ್ನೂ, ಅತ್ಯುತ್ತಮ ಆಟಗಾರನಿಗೆಂದು ಒಂದು ರೋಲೆಕ್ಸ್ ಗಡಿಯಾರವನ್ನೂ ತಂದಿಟ್ಟಿದ್ದರು. 2018ರಲ್ಲಿ ಅವರು ತೀರಿಕೊಂಡರು. ಜಾಡಿ ತೆರೆಯುವ ಹೊತ್ತಿಗೆ ಮದ್ಯದಲ್ಲೊಂದಷ್ಟು ಆವಿಯಾಗಿ ಹೋಗಿತ್ತಂತೆ. ಗಡಿಯಾರ ಗೆದ್ದ ನಾಯಕ ಓ ಜಿ-ಹ್ವಾನ್ ಅದನ್ನು ತಾನು ಕಟ್ಟಿಕೊಳ್ಳದೆ ಎಲ್ಲರೂ ನೋಡುವ ಕಡೆ ಇಡಲು ಹೇಳಿದ. ಸೆಕೆಂಡು ಎಣಿಸುವ ಗಡಿಯಾರ ಅಮೆರಿಕಕ್ಕೆ ಬಂದ ವರ್ಷವೇ ಕಪಾಟಿನಲ್ಲಿ ದಶಕಗಟ್ಟಲೆ ಕೂತಿದ್ದ ಈ ಗಡಿಯಾರ ಹೊರಗೆ ಬಂತು.

ಇದಕ್ಕೆ ಎದುರಾಗಿ ಅಮೆರಿಕದ ಮೇಜರ್ ಲೀಗಿನ ಓಕ್‌ಲ್ಯಾಂಡ್ ತಂಡವನ್ನು ಇಡಿ. ಮಾಲೀಕ ತಂಡವನ್ನು ಲಾಸ್ ವೇಗಸ್‌ಗೆ ಒಯ್ಯುತ್ತೇನೆಂದಾಗ ಅಭಿಮಾನಿಗಳು ಜೂನ್ 13ರಂದು ಬಹಿಷ್ಕಾರಕ್ಕೆ ತದ್ವಿರುದ್ಧವಾದ ಪ್ರತಿಭಟನೆ ಮಾಡಿದರು. ಖಾಲಿ ಹೊಡೆಯುತ್ತಿದ್ದ ಕ್ರೀಡಾಂಗಣಕ್ಕೆ 27,759 ಜನ ಬಂದು, ತಂಡವನ್ನು ಮಾರಿಬಿಡು ಎಂದು ಕೂಗಿದರು. ನವೆಂಬರಿನಲ್ಲಿ ಉಳಿದ ತಂಡಗಳ ಮಾಲೀಕರು ಸರ್ವಾನುಮತದಿಂದ ಸ್ಥಳಾಂತರಕ್ಕೆ ಒಪ್ಪಿಗೆ ಕೊಟ್ಟರು. ಕೃಷ್ಣೆಯ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟವರಿರುವ ಸೀಮೆಯಲ್ಲಿ ಕೂತು ಆಟದ ತಂಡ ಎದ್ದುಹೋದದ್ದನ್ನು ಮುಳುಗಡೆ ಎಂದು ಕರೆಯಲಾರೆ. ಆದರೆ ಊರನ್ನು ಕೇಳದೆ ಊರಿನದನ್ನು ಎತ್ತಿಕೊಂಡು ಹೋಗುವ ರೀತಿ ನಮಗೆ ಅಪರಿಚಿತವಲ್ಲ.

ಹಣದ ಮಾತು ಬಂದರೆ ಒಹ್ತಾನಿಗೇ ಮರಳಬೇಕು. ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡ ಅವನೊಂದಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ 68 ಕೋಟಿ ಒಪ್ಪಂದದ ಅವಧಿ ಮುಗಿದ ಮೇಲೆ ಕೊಡುವ ಬಾಕಿ. 2024ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಹೊಸ ಹಂಗಾಮು ಶುರುವಾದ ದಿನವೇ ಅವನ ದುಭಾಷಿ ಇಪ್ಪೆ ಮಿಜುಹಾರಾನನ್ನು ಕೆಲಸದಿಂದ ತೆಗೆದರು. ಜೂಜಿನ ಸಾಲ ತೀರಿಸಲು ಒಹ್ತಾನಿಯ ಖಾತೆಯಿಂದ ಹಣ ಕದ್ದದ್ದನ್ನು ಅವನು ಮುಂದೆ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಬೆಟ್ಟಿಂಗ್ ಕಂಪನಿಗಳ ಜಾಹೀರಾತು ಹಣವನ್ನು ಲೀಗೇ ಪಡೆಯುತ್ತಿರುವಾಗ ಇದನ್ನು ಒಬ್ಬನ ದುರಾಸೆ ಎಂದು ಮುಚ್ಚಿಹಾಕುವುದು ಅನುಕೂಲದ ವಿವರಣೆ.

ಹಾಗಾದರೆ ಭಾರತಕ್ಕೆ ಏನು ಬಂತು? ನವೆಂಬರ್ 24 ಮತ್ತು 25ರಂದು ದುಬೈನ ಕ್ರಿಕೆಟ್ ಕ್ರೀಡಾಂಗಣದಲ್ಲಿ 'ಬೇಸ್‌ಬಾಲ್ ಯುನೈಟೆಡ್' ಎಂಬ ಲೀಗ್ ತನ್ನ ಮೊದಲ ಪ್ರದರ್ಶನ ಪಂದ್ಯಗಳನ್ನು ನಡೆಸಿತು. ಅದರ ತಂಡಗಳಲ್ಲೊಂದಕ್ಕೆ ಮುಂಬೈ ಕೋಬ್ರಾಸ್ ಎಂದು ಹೆಸರು, ಇನ್ನೊಂದಕ್ಕೆ ಕರಾಚಿಯ ಹೆಸರು. ಬಾರ್ಟೊಲೊ ಕೊಲೋನ್, ರಾಬಿನ್ಸನ್ ಕನೋರಂಥ ನಿವೃತ್ತಿಯ ಅಂಚಿನ ದೊಡ್ಡವರು ಬಂದು ಆಡಿದರು. ಮ್ಯಾನೇಜರ್ ಸನ್ನೆ ಮಾಡಿದರೆ ಹೋಮ್‌ರನ್ನಿಗೆ ದುಪ್ಪಟ್ಟು ಬೆಲೆ ಎಂಬ ಹೊಸ ನಿಯಮವೂ ಇತ್ತು. ನೋಡಲು ಚೆನ್ನ. ಮುಂಬೈ ಮಾತ್ರ ಬರಿಯ ಹೆಸರಾಗಿ ಉಳಿಯಿತು. 2008ರ 'ಮಿಲಿಯನ್ ಡಾಲರ್ ಆರ್ಮ್' ಸ್ಪರ್ಧೆಯೂ ಹೀಗೇ. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲರ ತೋಳನ್ನಷ್ಟೇ ಅಮೆರಿಕಕ್ಕೆ ಒಯ್ದರು, ಪಿಟ್ಸ್‌ಬರ್ಗ್ ತಂಡದ ಜೊತೆ ಸಹಿ ಹಾಕಿಸಿದರು, 2014ರಲ್ಲಿ ಸಿನಿಮಾ ತೆಗೆದರು. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ಆ ಹುಡುಗರ ಊರಿನಲ್ಲಿ ಆಟ ಬಿತ್ತುವ ಯೋಚನೆ ಆ ಸ್ಪರ್ಧೆಗೆ ಇರಲೇ ಇಲ್ಲ. ನಮ್ಮ ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡೂ ಇವೆ. ಬೇಕಾದದ್ದು ಒಂದು ಡಜನ್ ಕೈಗವಸು, ಒಬ್ಬ ಹುಚ್ಚು ಹಿಡಿದ ಪಿ.ಟಿ. ಮಾಸ್ತರು. ಝೆಕ್ಕರ ಬಂಡವಾಳವೂ ಇದಕ್ಕಿಂತ ಬಹಳ ಹೆಚ್ಚೇನಲ್ಲ.

ಇದೇ ಸಂವತ್ಸರದ ಅಕ್ಟೋಬರ್ 16ರಂದು ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಬೇಸ್‌ಬಾಲ್-ಸಾಫ್ಟ್‌ಬಾಲನ್ನೂ ಕ್ರಿಕೆಟ್ಟನ್ನೂ ಒಂದೇ ಠರಾವಿನಲ್ಲಿ ಸೇರಿಸಿಕೊಂಡಿತು. ಪುರುಷರ ವಿಭಾಗದಲ್ಲಿ ಎರಡಕ್ಕೂ ಆರಾರು ತಂಡ. ಬೇಸ್‌ಬಾಲ್ ನಡೆಯುವುದು 1962ರಿಂದ ಆ ಊರಿನದೇ ಆಗಿರುವ ಡಾಡ್ಜರ್ ಕ್ರೀಡಾಂಗಣದಲ್ಲಿ. ಕ್ರಿಕೆಟ್ಟಿಗೆ ಪೊಮೋನಾ ಎಂಬಲ್ಲಿನ ಜಾತ್ರೆ ಮೈದಾನದಲ್ಲಿ ತಾತ್ಕಾಲಿಕ ಅಂಗಳ ಕಟ್ಟುತ್ತಾರೆ, ಕೂಟ ಮುಗಿದ ಮೇಲೆ ಬಿಚ್ಚುತ್ತಾರೆ. ದುಬೈನಲ್ಲಿ ಬೇಸ್‌ಬಾಲಿಗೆ ಇದ್ದ ಸ್ಥಿತಿ ಅಲ್ಲಿ ನಮ್ಮ ಆಟದ್ದು.