ಅಸ್ಥಿಲಿಪಿಯ ವ್ಯಾಖ್ಯಾನಕಾರ ಡೇವಿಡ್ ಕೀಟ್ಲಿ

ಪ್ರಾಚೀನ ಚೀನದ ಷಾಂಗ್ ವಂಶದ ಅರಸರು ಮುಂದಾಗುವುದನ್ನು ತಿಳಿಯಲೋಸುಗ ಎತ್ತಿನ ಹೆಗಲೆಲುಬು, ಆಮೆಯ ಎದೆಚಿಪ್ಪುಗಳ ಹಿಂಬದಿಯಲ್ಲಿ ಕುಳಿ ತೋಡಿಸಿ, ಕಾವು ತಾಗಿಸಿ, ಮುಂಬದಿಯಲ್ಲಿ ಮೂಡಿದ ಬಿರುಕುಗಳಿಂದ ಶಕುನ ನೋಡುತ್ತಿದ್ದರು. ಬಳಿಕ ಆ ವಿಷಯವನ್ನು ಅವುಗಳ ಮೇಲೆಯೇ ಕೆತ್ತಿಸುತ್ತಿದ್ದರು. ಕ್ರಿಸ್ತಪೂರ್ವ 1200ರ ಸುಮಾರಿನಿಂದ ದೊರೆಯುವ ಈ ಬರಹಗಳೇ ಚೀನೀ ಲಿಪಿಯ ಅತ್ಯಂತ ಹಳೆಯ ದೊಡ್ಡ ಭಂಡಾರ. ಇವುಗಳ ಅಧ್ಯಯನಕ್ಕೆ ಬಾಳನ್ನೇ ಮುಡಿಪಿಟ್ಟ ಡೇವಿಡ್ ಕೀಟ್ಲಿಯವರು (1932–2017) ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದರು.

ಷಾಂಗ್ ಇತಿಹಾಸದ ಆಕರಗಳನ್ನು ಕುರಿತು 1978ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥವು ಸುಲಭಪಾಠ್ಯವಲ್ಲ. ಕೋಷ್ಟಕಗಳೂ ಅಡಿಟಿಪ್ಪಣಿಗಳೂ ಕಿಕ್ಕಿರಿದಿರುವುದರಿಂದ ಹೊಸ ವಾಚಕನು ದಣಿಯುವನು. ಆದರೂ ಅದರ ಗುಣವಿರುವುದು ಅಲ್ಲಿಯೇ. ಎಲುಬನ್ನು ಸಿದ್ಧಪಡಿಸಿದ ಬಗೆ, ಅಕ್ಷರದ ರೂಪ, ಕಾಲ ಇವನ್ನು ಪರೀಕ್ಷಿಸಿದಲ್ಲದೆ ಅರ್ಥಕ್ಕೆ ಕೈಹಾಕಬಾರದೆಂಬ ನಿಷ್ಠೆ ಗ್ರಂಥದುದ್ದಕ್ಕೂ ಕಾಣುವುದು.

ಅವರ ಪ್ರಸಿದ್ಧವಾದ ವಾದವು ವಾಕ್ಯರೂಪವನ್ನು ಕುರಿತದ್ದು. ‘ಮಳೆ ಬರುವುದೆ?’ ಎಂದು ಹಲವರು ಓದಿದಲ್ಲಿ ಅವರು ‘ಮಳೆ ಬರುವುದು’, ‘ಮಳೆ ಬಾರದು’ ಎಂದು ಓದಿದರು. ಮೂಲದಲ್ಲಿ ಪ್ರಶ್ನಾರ್ಥಕಾವ್ಯಯವು ಬಹುಮಟ್ಟಿಗೆ ಕಾಣದಷ್ಟೆ. ಪ್ರಶ್ನೆಯೆಂದರೆ ಅರಸನು ಅರಿಯದೆ ವಿಚಾರಿಸುವವನು. ಉಕ್ತಿಯೆಂದರೆ ತನ್ನ ಇಷ್ಟವನ್ನು ಪಿತೃಗಳ ಮುಂದಿಡುವವನು. ಒಂದು ಪ್ರತ್ಯಯದಿಂದ ಅರಸನ ಚಿತ್ರವೇ ಬೇರೆಯಾಗುತ್ತದೆ.

ಚೀನದ ವಿದ್ವಾಂಸರೆಲ್ಲರೂ ಇದನ್ನು ಒಪ್ಪಲಿಲ್ಲ. ಎಲ್ಲ ಬರಹಗಳಿಗೂ ಒಂದೇ ನಿಯಮವನ್ನು ಹೊಂದಿಸುವುದು ಸಾಹಸವೇ ಸರಿ. ಆದರೆ ಗತಿಸಿದವರ ಬಾಯಲ್ಲಿ ನಮ್ಮ ಮಾತನ್ನು ತುರುಕದೆ ಅವರ ಮಾತನ್ನೇ ಕೇಳಬೇಕೆಂದು ಕೀಟ್ಲಿಯವರು ಕಲಿಸಿದ ಪಾಠವು, ಆ ವಾದವು ಬಿದ್ದುಹೋದರೂ ನಿಲ್ಲತಕ್ಕದ್ದು.