ಶ್ರೀಲಂಕೆಯಿಂದ ಸೇನೆಯ ವಾಪಸಾತಿ: ಒಂದು ನೈತಿಕ ವಿಮರ್ಶೆ

1990ರ ಮಾರ್ಚ್ 24ರಂದು ಭಾರತೀಯ ಶಾಂತಿಪಾಲನಾ ಪಡೆಯ ಕೊನೆಯ ತುಕಡಿಯು ತ್ರಿಂಕೋಮಲಿ ಬಂದರನ್ನು ಬಿಟ್ಟು ಸ್ವದೇಶಕ್ಕೆ ಹೊರಟಿತು. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕೆಯ ಅಧ್ಯಕ್ಷ ಜಯವರ್ಧನೆ ಅವರು ಕೊಲಂಬೊದಲ್ಲಿ ಸಹಿ ಮಾಡಿದ ಒಪ್ಪಂದದಂತೆ ಈ ಪಡೆ ಅಲ್ಲಿಗೆ ಹೋಗಿತ್ತು. ತಮಿಳು ಉಗ್ರರಿಂದ ಶಸ್ತ್ರಗಳನ್ನು ಒಪ್ಪಿಸಿಕೊಂಡು ಶಾಂತಿ ಕಾಯುವುದು ಅದಕ್ಕೆ ವಹಿಸಿದ ಕೆಲಸ. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಅದು ಎಲ್‌ಟಿಟಿಇ ಸಂಘಟನೆಯೊಡನೆ ನೇರ ಯುದ್ಧಕ್ಕೆ ಇಳಿಯಬೇಕಾಯಿತು. ಮೂವತ್ತೆರಡು ತಿಂಗಳ ಅವಧಿಯಲ್ಲಿ ಸುಮಾರು 1,200 ಮಂದಿ ಭಾರತೀಯ ಯೋಧರು ಮಡಿದರು. ಅಲ್ಲಿನ ತಮಿಳು ನಾಗರಿಕರಲ್ಲಿ ಸತ್ತವರ ಲೆಕ್ಕ ಬೇರೆಯೇ ಇದೆ.

ಸೇನೆಯನ್ನು ಪೂರ್ಣವಾಗಿ ಹಿಂದಕ್ಕೆ ಕರೆಸಿದ ಕೀರ್ತಿಯನ್ನು ಸಾಮಾನ್ಯವಾಗಿ ಜನತಾದಳದ ನಾಯಕ ವಿಶ್ವನಾಥ ಪ್ರತಾಪ ಸಿಂಗ್ ಅವರಿಗೆ ಸಲ್ಲಿಸಲಾಗುತ್ತದೆ. ಆ ಕೀರ್ತಿ ಸುಳ್ಳಲ್ಲ. 1989ರ ಡಿಸೆಂಬರ್ 2ರಂದು ಪ್ರಧಾನಿಯಾದ ಅವರು ನಾಲ್ಕು ತಿಂಗಳು ತುಂಬುವ ಮೊದಲೇ ಆ ಕಾರ್ಯವನ್ನು ಮುಗಿಸಿದರು. ಗೌರವದ ಶಾಂತಿ ತರುವೆನೆಂದು 1968ರಲ್ಲಿ ಗೆದ್ದ ಅಮೆರಿಕದ ನಿಕ್ಸನ್, ವಿಯೆಟ್ನಾಮಿನಿಂದ ತಮ್ಮ ಸೈನ್ಯವನ್ನು ಪೂರ್ತಿ ಕರೆಸಿಕೊಂಡದ್ದು 1973ರಲ್ಲಿ ಎಂಬುದನ್ನು ನೆನೆದರೆ ಈ ಶೀಘ್ರತೆಯ ಬೆಲೆ ತಿಳಿಯುತ್ತದೆ. ಆದರೂ ಕೀರ್ತಿಯನ್ನು ಹಂಚಬೇಕಾದವರು ಇನ್ನೂ ಇದ್ದಾರೆ. ಭಾರತದ ಸೇನೆ ಹೊರಡಬೇಕೆಂದು ಅಧ್ಯಕ್ಷ ಪ್ರೇಮದಾಸ ಅವರು 1989ರ ಜೂನ್ ತಿಂಗಳಲ್ಲೇ ಬಹಿರಂಗವಾಗಿ ಕೇಳಿದ್ದರು. ಸೆಪ್ಟೆಂಬರಿನಲ್ಲಿ ರಾಜೀವ್ ಗಾಂಧಿಯವರ ಸರ್ಕಾರವೇ ವಾಪಸಾತಿಗೆ ಒಪ್ಪಿತ್ತು. ಮನೆಯವನು ಬಾಗಿಲು ತೋರಿಸಿದ ಮೇಲೆ ಎದ್ದು ಬಂದುದನ್ನು ಶುದ್ಧ ತ್ಯಾಗವೆಂದು ಕರೆಯಲು ಬಾರದು.

ಈ ಯುದ್ಧದ ಬಗ್ಗೆ ಮತದಾರರು ಕೊಟ್ಟ ತೀರ್ಪು ಯಾವುದೆಂಬುದೂ ಸ್ಪಷ್ಟವಿಲ್ಲ. 1988ರ ಅಕ್ಟೋಬರ್ 11ರಂದು ಜನತಾದಳ ಹುಟ್ಟಿದ್ದು ಬೆಂಗಳೂರಿನಲ್ಲಿ. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಅದಕ್ಕೆ ದೊರೆತದ್ದು ಒಂದೇ. ಉಳಿದ 27 ಸ್ಥಾನಗಳು ಸೇನೆಯನ್ನು ಕಳುಹಿಸಿದ ಪಕ್ಷಕ್ಕೇ ಹೋದವು. ಸೇನೆಯನ್ನು ಅತ್ಯಂತ ಕಟುವಾಗಿ ವಿರೋಧಿಸಿದ ಡಿಎಂಕೆಗೆ ತಮಿಳುನಾಡಿನಲ್ಲಿ ಒಂದು ಲೋಕಸಭಾ ಸ್ಥಾನವೂ ಸಿಗಲಿಲ್ಲ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮತ ಹಾಕಿದವರಿಗೆ ಕೊಬ್ಬರಿಯ ಧಾರಣೆ ಹತ್ತಿರದ ವಿಷಯ, ಜಾಫ್ನಾ ದೂರದ್ದು. ಹಾಗಿದ್ದೂ ಆ ಸೀಮೆಗೆ ಈ ಪ್ರಕರಣದಲ್ಲಿ ಒಂದು ನಂಟಿತ್ತು. ಸಿಂಗ್ ಅವರ ಮಂತ್ರಿಮಂಡಲದಲ್ಲಿ 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರಾಗಿದ್ದ ವಿಜ್ಞಾನಿ ರಾಜಾ ರಾಮಣ್ಣ ಅವರು ಹುಟ್ಟಿದ್ದು ತಿಪಟೂರಿನಲ್ಲಿ.

ವಿಮರ್ಶೆಗೆ ಒಳಗಾಗಬೇಕಾದದ್ದು ವಾಪಸಾತಿಯ ನಿರ್ಧಾರವಲ್ಲ, ಅದರ ಹಿಂದಿನ ನಿಲುವು. ಆ ಯುದ್ಧವು ಹಿಂದಿನ ಸರ್ಕಾರದ ತಪ್ಪು, ಅದನ್ನು ತೊಡೆದುಹಾಕುವುದಷ್ಟೇ ತಮ್ಮ ಕೆಲಸ ಎಂಬಂತೆ ಹೊಸ ಸರ್ಕಾರ ನಡೆದುಕೊಂಡಿತು. ತೋಟದ ಹಳೆಯ ಯಜಮಾನನು ಕಾಯಿ ಕೀಳುವವನನ್ನು ಮರ ಹತ್ತಿಸಿದ್ದಾನೆ. ಅವನು ಇನ್ನೂ ಮೇಲಿರುವಾಗಲೇ ತೋಟವು ಕೈ ಬದಲಾಯಿಸಿದೆ ಎಂದುಕೊಳ್ಳೋಣ. ಅವನನ್ನು ಇಳಿಸಿದ ಹೊಸ ಯಜಮಾನನು, ಹತ್ತಿಸಿದವನು ತಾನಲ್ಲವೆಂದು ಹೇಳಿ ಬರಿಗೈಯಲ್ಲಿ ಕಳುಹಿಸಿದರೆ ತುರುವೇಕೆರೆಯಲ್ಲಿ ಯಾರೂ ಅವನನ್ನು ಮೆಚ್ಚುವುದಿಲ್ಲ. ತೋಟ ಕೊಂಡವನಿಗೆ ತೋಟದ ಋಣವೂ ಬರುತ್ತದೆ. ಸರ್ಕಾರವೂ ಹೀಗೆಯೇ.

ಆ ನಿಲುವಿನ ಅತ್ಯಂತ ಕಟುವಾದ ರೂಪ ಕಂಡದ್ದು ಮದರಾಸಿನಲ್ಲಿ. ರಾಷ್ಟ್ರೀಯ ರಂಗದ ಅಂಗಪಕ್ಷದ ನಾಯಕರೂ ತಮಿಳುನಾಡಿನ ಮುಖ್ಯಮಂತ್ರಿಗಳೂ ಆಗಿದ್ದ ಕರುಣಾನಿಧಿಯವರು ಮರಳಿ ಬಂದ ಯೋಧರನ್ನು ಸ್ವಾಗತಿಸಲು ಹೋಗಲಿಲ್ಲ. ತಮಿಳರನ್ನು ಕೊಂದ ಸೇನೆಯನ್ನು ತಮಿಳರ ಮುಖ್ಯಮಂತ್ರಿ ಸ್ವಾಗತಿಸಲಾರನೆಂಬುದು ಅವರ ಭಾವ. ಅನೇಕಾಂತವನ್ನು ನಂಬುವವರು ಈ ಮಾತನ್ನು ಒಮ್ಮೆಗೇ ತಳ್ಳಿಹಾಕಲಾರರು. 1987ರ ಅಕ್ಟೋಬರಿನಲ್ಲಿ ಜಾಫ್ನಾ ಆಸ್ಪತ್ರೆಯೊಳಗೆ ವೈದ್ಯರು, ದಾದಿಯರು, ರೋಗಿಗಳು ಸೇರಿ ಅರವತ್ತಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾದರು. 1989ರ ಆಗಸ್ಟಿನಲ್ಲಿ ವಲ್ವೆಟ್ಟಿತುರೈಯಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ನಾಗರಿಕರು ಸತ್ತರು. ಇವು ಉಗ್ರರೊಡನೆ ನಡೆದ ಕಾಳಗದ ನಡುವಿನ ಘಟನೆಗಳೆಂದು ಹೇಳಿದ ಮಾತ್ರಕ್ಕೆ ಸತ್ತವರ ಮನೆಯವರಿಗೆ ಸಮಾಧಾನವಾಗದು. ಆದರೆ ಆ ಪಾಪದ ಹೊರೆಯನ್ನು ಇಡೀ ಸೇನೆಯ ತಲೆಯ ಮೇಲಿಟ್ಟು, ಕಳುಹಿಸಿದವರೂ ಕರೆಸಿದವರೂ ಶುದ್ಧರಾಗಿ ಉಳಿಯುವುದು ಯಾವ ನ್ಯಾಯ? ಹಡಗಿನಿಂದ ಇಳಿದವರಲ್ಲಿ ಹೆಚ್ಚಿನವರು ಆಸ್ಪತ್ರೆಯನ್ನು ಕಂಡವರೂ ಅಲ್ಲ, ಒಪ್ಪಂದವನ್ನು ಓದಿದವರೂ ಅಲ್ಲ.

ಹಿಂಸೆಯ ಹೊಣೆಯನ್ನು ಜೈನ ಆಚಾರ್ಯರು ಎಣಿಸಿದ ರೀತಿ ಇಲ್ಲಿ ಪ್ರಸ್ತುತವಾಗುತ್ತದೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರು ಭೇದಗಳಿವೆ: ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ಮನೋವಾಕ್ಕಾಯಗಳು, ಸಂರಂಭಾದಿ ಮೂರು ಹಂತಗಳು ಮತ್ತು ನಾಲ್ಕು ಕಷಾಯಗಳೊಡನೆ ಇವನ್ನು ಗುಣಿಸಿದಾಗ 108 ಬಗೆಗಳಾಗುತ್ತವೆ. ಜಪಮಾಲೆಯ ಮಣಿಗಳ ಸಂಖ್ಯೆಯೂ ಅದೇ ಎಂಬುದು ಶ್ರಾವಕರಿಗೆ ತಿಳಿದದ್ದೇ. ಗುಂಡು ಹಾರಿಸಿದ ಯೋಧನದು ಈ ಗಣನೆಯಲ್ಲಿ ಒಂದು ಪಾಲು ಮಾತ್ರ. ಆಜ್ಞೆಯಿತ್ತವರದು ಇನ್ನೊಂದು, ತೆರಿಗೆ ಕೊಟ್ಟು ಮತ ಹಾಕಿ ಸುಮ್ಮನಿದ್ದ ಪ್ರಜೆಗಳದು ಮತ್ತೊಂದು. ಸೇನೆಯನ್ನು ಕರೆಸಿದ್ದರಿಂದ ಮುಂದಿನ ಕೃತ ನಿಲ್ಲಬಹುದು, ಹಿಂದಿನ ಕಾರಿತ ಅಳಿಯುವುದಿಲ್ಲ. ಅದಕ್ಕೆ ಪ್ರತಿಕ್ರಮಣ ಬೇಕು. ಆದದ್ದನ್ನು ಹೆಸರಿಟ್ಟು ಒಪ್ಪಿಕೊಳ್ಳದೆ ಪ್ರತಿಕ್ರಮಣವಿಲ್ಲ.

ಭಾರತವನ್ನು ನಂಬಿ ಅಲ್ಲಿ ಉಳಿದವರ ಕಥೆ ಇನ್ನೂ ದುಃಖದ್ದು. ವರದರಾಜ ಪೆರುಮಾಳ್ ಅವರ ಈಶಾನ್ಯ ಪ್ರಾಂತೀಯ ಸರ್ಕಾರ ನಿಂತಿದ್ದುದು ಭಾರತದ ಸೇನೆಯ ಬಲದ ಮೇಲೆ. ಅದರ ರಕ್ಷಣೆಗೆಂದು ತಮಿಳು ಯುವಕರಿಗೆ ಶಸ್ತ್ರ ಕೊಟ್ಟು ತಮಿಳು ರಾಷ್ಟ್ರೀಯ ಸೇನೆಯೆಂಬ ಪಡೆಯನ್ನೂ ಕಟ್ಟಲಾಗಿತ್ತು. ಭಾರತೀಯ ಸೇನೆ ಹಿಂದೆಗೆದಂತೆಲ್ಲ ಆ ಯುವಕರು ಎಲ್‌ಟಿಟಿಇಯ ಬಾಯಿಗೆ ಬಿದ್ದರು. ಅಟ್ಟ ಹತ್ತಿಸಿ ಏಣಿ ತೆಗೆದಂತಾಯಿತು. 1990ರ ಜೂನ್ ತಿಂಗಳಲ್ಲಿ ಪೆರುಮಾಳ್ ಅವರ ಪಕ್ಷದ ನಾಯಕ ಪದ್ಮನಾಭ ಅವರನ್ನು ಮದರಾಸಿನಲ್ಲಿಯೇ ಕೊಲ್ಲಲಾಯಿತು. ಅದೇ ತಿಂಗಳು ಶ್ರೀಲಂಕೆಯಲ್ಲಿ ಮತ್ತೆ ಪೂರ್ಣ ಯುದ್ಧ ಹೊತ್ತಿಕೊಂಡಿತು. ವಾಪಸಾತಿಯನ್ನು ಅಹಿಂಸೆಯ ವಿಜಯವೆಂದು ಬಣ್ಣಿಸಿದವರು ಈ ಜೂನ್ ತಿಂಗಳನ್ನು ಮರೆಯುತ್ತಾರೆ.

ಆದಿಪುರಾಣದ ಪರಂಪರೆಯಲ್ಲಿ ಯುದ್ಧದಿಂದ ಹಿಂದೆಗೆಯುವ ಚಿತ್ರವೊಂದು ಇದೆ. ಭರತ ಬಾಹುಬಲಿಗಳ ಸೇನೆಗಳು ಎದುರಾದಾಗ, ಅಣ್ಣತಮ್ಮಂದಿರ ಛಲಕ್ಕೆ ಸೈನಿಕರು ಏಕೆ ಸಾಯಬೇಕೆಂದು ಮಂತ್ರಿಗಳು ತಡೆಯುತ್ತಾರೆ. ದ್ವಂದ್ವದಲ್ಲಿ ಗೆದ್ದ ಬಾಹುಬಲಿ ರಾಜ್ಯವನ್ನು ಬಿಟ್ಟು ನಡೆಯುತ್ತಾನೆ. ಅಷ್ಟಕ್ಕೇ ಕಥೆ ಮುಗಿಯುವುದಿಲ್ಲ. ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಕೊರಗು ತಪಸ್ಸಿನಲ್ಲೂ ಅವನನ್ನು ಬಿಡದು. ಭರತನು ಬಂದು ಪೂಜಿಸಿದ ಮೇಲೆಯೇ ಅವನಿಗೆ ಕೇವಲಜ್ಞಾನ. ಆ ಬಾಹುಬಲಿಯನ್ನು ಶ್ರವಣಬೆಳಗೊಳದಲ್ಲಿ ಕಡೆಯಿಸಿದ ಚಾವುಂಡರಾಯನು ಸ್ವತಃ ಗಂಗರ ದಂಡನಾಯಕ. ಯುದ್ಧದ ಋಣ ಎಂಥದೆಂದು ಅವನಿಗೆ ಗೊತ್ತಿತ್ತು.

ದೆಹಲಿಯಲ್ಲಿ ಮಾತ್ರ ಅಂಥ ಕೊರಗು ಕಾಣಲಿಲ್ಲ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಹಂತಕರ ನಾಯಕ ಶಿವರಾಸನ್ ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸತ್ತಾಗ ಆ ಯುದ್ಧ ಕನ್ನಡನಾಡಿನ ಅಂಗಳಕ್ಕೇ ಬಂದಿತ್ತು. ಹತ್ಯೆಯ ಸಂಚಿನ ವಿಚಾರಣೆಗೆ ನ್ಯಾಯಮೂರ್ತಿ ಜೈನ್ ಆಯೋಗ ನೇಮಕವಾಯಿತು. ಅದರ ಮಧ್ಯಂತರ ವರದಿಯಿಂದ ಎದ್ದ ಬಿರುಗಾಳಿಯಲ್ಲಿ 1997ರ ನವೆಂಬರಿನಲ್ಲಿ ಗುಜ್ರಾಲರ ಸರ್ಕಾರವೇ ಉರುಳಿತು. ವಾಪಸಾತಿಯ ಕಾಲದಲ್ಲಿ ವಿದೇಶಾಂಗ ಸಚಿವರಾಗಿದ್ದವರೂ ಅವರೇ. ನಾಯಕನೊಬ್ಬನ ಸಾವಿನ ಬಗ್ಗೆ ಇಷ್ಟು ಶೋಧನೆ ನಡೆದರೂ, ಅಷ್ಟೇ ವಿಸ್ತಾರವಾದ ಬಹಿರಂಗ ವಿಚಾರಣೆ ಆ ಮೂವತ್ತೆರಡು ತಿಂಗಳ ಸೇನಾ ಕಾರ್ಯದ ಬಗ್ಗೆ ನಡೆಯಲಿಲ್ಲ.

ಮಡಿದ ಯೋಧರಿಗಾಗಿ ಕೊಲಂಬೊ ಸಮೀಪದ ಶ್ರೀ ಜಯವರ್ಧನಪುರ ಕೋಟೆಯಲ್ಲಿ ಶ್ರೀಲಂಕೆಯೇ ಸ್ಮಾರಕವನ್ನು ನಿಲ್ಲಿಸಿದೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾಗಿ ಅವರ ಹೆಸರುಗಳು ಅಲ್ಲಿನ ಗೋಡೆಯೇರಿದ್ದು 2019ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ವಿಶ್ವನಾಥ ಪ್ರತಾಪ ಸಿಂಗ್ ಅವರು ತೀರಿಕೊಂಡು ಹತ್ತು ವರ್ಷ ಕಳೆದಿತ್ತು. ಕರುಣಾನಿಧಿಯವರು ಹಿಂದಿನ ಆಗಸ್ಟಿನಲ್ಲಿ ತೀರಿಕೊಂಡಿದ್ದರು.